160 ರೂಪಾಯಿ ಪೆಟ್ರೋಲ್ ಹಾಕಿದರೆ ಪಿಕಪ್ ಜಾಸ್ತಿಯಾಗುತ್ತಾ?

ಪ್ರಶ್ನೆ: ನಾನು ಮೈಸೂರಿನ ವಿಜಯನಗರದವನು. ನನ್ನ ಹತ್ತಿರ 2023ರ ಕೊನೆಯಲ್ಲಿ ತೆಗೆದುಕೊಂಡ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಇದೆ: 1.5 ಲೀಟರ್ ಟರ್ಬೊ, ಡಿಎಸ್‌ಜಿ (ಆಟೊಮ್ಯಾಟಿಕ್) ಗೇರ್‌ಬಾಕ್ಸ್. ದಿನಾ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬರುತ್ತೇನೆ, ತಿಂಗಳಿಗೆ ಎರಡು ಸಲ ಎಕ್ಸ್‌ಪ್ರೆಸ್‌ವೇಯಲ್ಲಿ ಬೆಂಗಳೂರು. ಬಂಕಿಗೆ ಹೋದರೆ ಸಾಕು, ‘ಸರ್, ಪ್ರೀಮಿಯಂ ಹಾಕ್ಲಾ?’ ಅಂತಾರೆ. ನೂರು ಆಕ್ಟೇನ್ ಹಾಕಿದರೆ ಪಿಕಪ್ಪೂ ಮೈಲೇಜೂ ಎರಡೂ ಜಾಸ್ತಿಯಾಗುತ್ತೆ, ಇಂಜಿನ್ನೂ ಕ್ಲೀನ್ ಆಗಿರುತ್ತೆ ಅಂತ ಗೆಳೆಯರು ಹೇಳುತ್ತಾರೆ. ನಿಜವಾ? ಮುಂದೆ ರೀಮ್ಯಾಪ್ (ಪಿಕಪ್ಪಿಗಾಗಿ ಇಂಜಿನ್ನಿನ ಸಾಫ್ಟ್‌ವೇರ್ ಬದಲಾಯಿಸುವುದು) ಮಾಡಿಸುವ ಆಸೆಯೂ ಇದೆ. ಅಣ್ಣನ 2015ರ ಪೋಲೊ ಜಿಟಿ ಮನೆಯಲ್ಲಿ ನಿಂತೇ ಇರುತ್ತೆ, ಅದಕ್ಕೆ ಯಾವುದು ಹಾಕೋದು?

ಉತ್ತರ: ಮೊದಲು ಪೆಟ್ರೋಲ್ ಟ್ಯಾಂಕಿನ ಹೊರ ಮುಚ್ಚಳ ತೆರೆದು ಅದರ ಒಳಮೈಯಲ್ಲಿರುವ ಸ್ಟಿಕ್ಕರ್ ನೋಡಿ. ಅಲ್ಲಿ ‘ಆರ್‌ಒಎನ್’ (ಆಕ್ಟೇನ್ ಅಳತೆ) ಅಂತ ಬರೆದು ಪಕ್ಕದಲ್ಲಿ ಒಂದು ಅಂಕಿ ಇರುತ್ತೆ. ಅದು 95 ಅಥವಾ ಅದಕ್ಕಿಂತ ಕಡಿಮೆ ಇದ್ದು, ಇಂಜಿನ್ ಕಂಪನಿಯಿಂದ ಬಂದ ಹಾಗೇ ಇದ್ದರೆ, ಇವತ್ತು ಬಂಕಿನಲ್ಲಿ ಸಿಗುವ ಮಾಮೂಲಿ ಇ20 (20 ಶೇಕಡಾ ಎಥೆನಾಲ್ ಬೆರೆಸಿದ) ಪೆಟ್ರೋಲೇ ನಿಮ್ಮ ಕಾರಿಗೆ ಸಾಕು. ನೂರು ಆಕ್ಟೇನ್‌ಗೆ ಕೊಡುವ ಹೆಚ್ಚಿನ ದುಡ್ಡು ನಿಮಗೆ ವಾಪಸ್ ಬರುವುದಿಲ್ಲ. ಅಂಕಿ 98 ಇದ್ದರೆ ಮಾತು ಬೇರೆ. ರೀಮ್ಯಾಪ್ ಮಾಡಿಸಿದ ಕಾರಿನ ಮಾತೂ ಬೇರೆ. ನಿಂತೇ ಇರುವ ಪೋಲೊಗೆ ಮಾತ್ರ ದುಬಾರಿ ಪೆಟ್ರೋಲಿನಿಂದ ನಿಜವಾದ ಉಪಯೋಗ ಇದೆ. ಆದರೆ ಅದಕ್ಕೆ ಕಾರಣ ಆಕ್ಟೇನ್ ಅಲ್ಲ.

ಆಕ್ಟೇನ್ ಅಂಕಿ ಪೆಟ್ರೋಲಿನಲ್ಲಿ ಎಷ್ಟು ಶಕ್ತಿ ಇದೆ ಅಂತ ಹೇಳುವುದಿಲ್ಲ. ಒತ್ತಡ, ಬಿಸಿ ಏರಿದಾಗ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. ಪಿಸ್ಟನ್ ಮೇಲೆ ಬರುತ್ತಾ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುತ್ತದೆ. ಅದು ತುದಿ ಮುಟ್ಟುವ ಸ್ವಲ್ಪ ಮೊದಲೇ ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಪ್ಲಗ್ಗಿನಿಂದ ಸಿಲಿಂಡರಿನ ಗೋಡೆಯ ಕಡೆಗೆ ಹರಡಿಕೊಂಡು ಹೋಗಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡರೆ ಒತ್ತಡ ಒಮ್ಮೆಲೇ ಏರಿ ಲೋಹಕ್ಕೆ ಬಡಿಯುತ್ತದೆ. ಮೆಕ್ಯಾನಿಕ್‌ಗಳು ‘ನಾಕಿಂಗ್ ಹೊಡೀತಿದೆ’ ಅನ್ನೋದು ಇದಕ್ಕೇ. ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100, ಎನ್-ಹೆಪ್ಟೇನ್‌ಗೆ ಸೊನ್ನೆ ಅಂತ ಅಂಕ ಇಟ್ಟುಕೊಂಡು, ಕಂಪ್ರೆಷನ್ ಬದಲಾಯಿಸಬಹುದಾದ ಒಂದೇ ಸಿಲಿಂಡರಿನ ಪರೀಕ್ಷಾ ಇಂಜಿನ್ನಿನಲ್ಲಿ 600 ಆರ್‌ಪಿಎಂನಲ್ಲಿ ಓಡಿಸಿ ಹೋಲಿಸಿದಾಗ ಬರುವ ಅಂಕಿಯೇ ಆರ್‌ಒಎನ್. ಅಮೆರಿಕದ ವಿಡಿಯೊ ನೋಡಿ ಗೊಂದಲವಾಗಬೇಡಿ: ಅಲ್ಲಿನ ಬಂಕಿನ ಅಂಕಿ ಎರಡು ಬಗೆಯ ಪರೀಕ್ಷೆಗಳ ಸರಾಸರಿ, ಅಲ್ಲಿನ 91 ಅಂದರೆ ನಮ್ಮ ಲೆಕ್ಕದಲ್ಲಿ 95ರ ಆಸುಪಾಸು.

ಈಗ ನಿಮ್ಮ ಕಾರಿನ ಒಳಗೆ ಏನಾಗುತ್ತೆ ನೋಡೋಣ. ಸಿಲಿಂಡರ್ ಬ್ಲಾಕಿಗೆ ಬೋಲ್ಟ್ ಹಾಕಿ ಕೂರಿಸಿದ ನಾಕ್ ಸೆನ್ಸರ್ ಆ ಬಡಿತದ ಕಂಪನವನ್ನು ಹಿಡಿಯುತ್ತದೆ. ನಿಮ್ಮ ಕಿವಿಗೆ ಬೀಳುವ ಮೊದಲೇ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಆ ಸಿಲಿಂಡರಿನ ಕಿಡಿಯನ್ನು ಕೆಲವು ಡಿಗ್ರಿ ತಡ ಮಾಡುತ್ತದೆ. ಕಿಡಿ ತಡವಾದರೆ ಟಾರ್ಕ್ ಕಡಿಮೆ, ಎಕ್ಸಾಸ್ಟ್ ಬಿಸಿ ಜಾಸ್ತಿ. ಬಡಿತ ನಿಂತ ಮೇಲೆ ಮತ್ತೆ ಮೆಲ್ಲಗೆ ಮುಂದಕ್ಕೆ ತರುತ್ತದೆ. ಹಾಗಾಗಿ 95 ಬೇಕೆನ್ನುವ ಟರ್ಬೊ ಇಂಜಿನ್‌ಗೆ 91 ಹಾಕಿದರೆ ಇಂಜಿನ್ ಕೆಡುವುದಿಲ್ಲ, ಆದರೆ ಪೂರ್ತಿ ಕಾಲು ಒತ್ತಿದಾಗ ಮಂಕಾಗುತ್ತದೆ. ಇದರ ಆಧಾರದ ಮೇಲೆ ‘95ಕ್ಕೆ 100 ಹಾಕಿದರೆ ಇನ್ನೂ ಚುರುಕಾಗುತ್ತೆ’ ಅಂತ ತೀರ್ಮಾನಿಸುವುದು ತಪ್ಪು. ಕಿಡಿಯನ್ನು ಎಷ್ಟು ಮುಂದೆ ತರಬಹುದು, ಟರ್ಬೊ ಎಷ್ಟು ಗಾಳಿ ತಳ್ಳಬಹುದು ಅನ್ನುವುದಕ್ಕೆ ಕಂಪನಿಯ ಮ್ಯಾಪಿನಲ್ಲಿ, ಅಂದರೆ ಇಸಿಯು ನೋಡಿಕೊಂಡು ನಡೆಯುವ ಅಂಕಿಗಳ ಪಟ್ಟಿಯಲ್ಲಿ, ಮೇಲಿನ ಮಿತಿ ಇದೆ. ಇಂಜಿನ್ ಆಗಲೇ ಆ ಮಿತಿ ಮುಟ್ಟಿದ್ದರೆ ಉಳಿದ ಆಕ್ಟೇನ್ ಸುಮ್ಮನೆ ಎಕ್ಸಾಸ್ಟಿನಲ್ಲಿ ಹೋಗುತ್ತದೆ.

ಮಿತಿ ಮುಟ್ಟದ ಸಂದರ್ಭಗಳೂ ಇವೆ. ಏಪ್ರಿಲ್ ಮಧ್ಯಾಹ್ನ, ಎ.ಸಿ. ಪೂರ್ತಿ, ಹಿನಕಲ್ ಕಡೆಯ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತಿದ್ದು ಸಿಗ್ನಲ್ ಬಿಟ್ಟ ತಕ್ಷಣ ಪೆಡಲ್ ಒತ್ತಿದಿರಿ ಅನ್ನಿ. ಆಗ ಇಂಜಿನ್ನಿಗೆ ಹೋಗುವ ಗಾಳಿಯೇ ಕಾದಿರುತ್ತದೆ. ನಾಲ್ಕು ಜನ ಕೂತು ಬಂಡೀಪುರ ದಾಟಿ ಊಟಿ ಘಾಟ್ ಹತ್ತುವಾಗಲೂ ಇದೇ ಕಥೆ. ಇಂಥ ಕಡೆ ಹೆಚ್ಚು ಆಕ್ಟೇನ್‌ನಿಂದ ಸ್ವಲ್ಪ ಪ್ರಯೋಜನ ಸಿಗುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಎಷ್ಟು ಸ್ವಲ್ಪ? ಅಮೆರಿಕದ ವಾಹನ ಚಾಲಕರ ಸಂಘ ಎಎಎ 2017ರಲ್ಲಿ, ಪ್ರೀಮಿಯಂ ಪೆಟ್ರೋಲನ್ನು ಶಿಫಾರಸು ಮಾಡುವ ಆದರೆ ಕಡ್ಡಾಯ ಮಾಡದ ಕಾರುಗಳನ್ನು ಪರೀಕ್ಷಿಸಿತ್ತು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಸುಮಾರು 91ರಿಂದ 98ಕ್ಕೆ ಹೋದ ಹಾಗೆ. ಸರಾಸರಿ ಶಕ್ತಿ 1.4 ಶೇಕಡಾ, ಮೈಲೇಜ್ 2.7 ಶೇಕಡಾ ಹೆಚ್ಚಾಯಿತು. 150 ಎಚ್‌ಪಿ ಕಾರಿಗೆ ಅದು 2 ಎಚ್‌ಪಿ. ಕೂತವರ ಬೆನ್ನಿಗೆ ಅದು ಗೊತ್ತಾಗುವುದಿಲ್ಲ.

ನಿಮ್ಮ ಎಕ್ಸ್‌ಪ್ರೆಸ್‌ವೇ ಓಡಾಟಕ್ಕಂತೂ ಇದು ಸಂಬಂಧವೇ ಇಲ್ಲದ ವಿಷಯ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಬೈಪಾಸ್‌ಗಳಲ್ಲಿ ಗಂಟೆಗೆ 100 ಕಿ.ಮೀ. ಮಿತಿಯಲ್ಲಿ ಒಂದೇ ವೇಗದಲ್ಲಿ ಹೋಗುವ ಕಾರಿಗೆ ಬೇಕಾಗುವುದು ಸುಮಾರು 20 ಎಚ್‌ಪಿ. ಅಷ್ಟು ಹಗುರ ಹೊರೆಯಲ್ಲಿ ಸಿಲಿಂಡರಿನ ಒತ್ತಡ ನಾಕಿಂಗ್ ಹತ್ತಿರಕ್ಕೂ ಬರುವುದಿಲ್ಲ.

ಬಂಕಿನ ಬೋರ್ಡಿಗೆ ಬರೋಣ. ನಮ್ಮಲ್ಲಿ ಮಾಮೂಲಿ ಪೆಟ್ರೋಲ್ ಹಿಂದೆ 88 ಇತ್ತು, ಆಮೇಲೆ 91 ಆಯಿತು. ಅದರ ಜೊತೆಗೆ 95ರ ಬ್ರ್ಯಾಂಡುಗಳು ಬಂದವು, 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಎಕ್ಸ್‌ಪಿ100 ತಂದಿತು. ಆಗ ಟರ್ಬೊ ಕಾರಿನವರು 95 ಹಾಕಿಸುವುದಕ್ಕೆ ಅರ್ಥ ಇತ್ತು. ಈಗ ಪರಿಸ್ಥಿತಿ ಬದಲಾಗಿದೆ. ಎಥೆನಾಲ್‌ನ ಆಕ್ಟೇನ್ 108ರ ಆಸುಪಾಸು. ಅದನ್ನು 20 ಶೇಕಡಾ ಬೆರೆಸಿದ ಇ20ಗೆ ಭಾರತೀಯ ಮಾನಕ ಐಎಸ್ 17021 ನಿಗದಿ ಮಾಡಿರುವ ಕನಿಷ್ಠ ಆರ್‌ಒಎನ್ 95. ಅಂದರೆ ಮಾಮೂಲಿ ನಳಿಕೆಯಲ್ಲೇ 95 ಬರುತ್ತಿದೆ. ಜೊತೆಗೆ ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿಕೊಳ್ಳುತ್ತದೆ. ನಿಮ್ಮ ಕಾರಿನ ಹಾಗೆ ಸಿಲಿಂಡರಿನ ಒಳಗೇ ಪೆಟ್ರೋಲ್ ಸಿಂಪಡಿಸುವ ಇಂಜಿನ್‌ಗಳಲ್ಲಿ ಆ ತಂಪು ನಾಕಿಂಗ್ ತಡೆಯಲು ನೇರವಾಗಿ ನೆರವಾಗುತ್ತದೆ. ಹಾಗಾಗಿ 95 ಅಂತ ಹೆಸರಿಟ್ಟ ಪ್ರೀಮಿಯಂ ಪೆಟ್ರೋಲಿನಲ್ಲಿ ನೀವು ಹೆಚ್ಚಾಗಿ ಕೊಳ್ಳುತ್ತಿರುವುದು ಆಕ್ಟೇನ್ ಅಲ್ಲ, ಕ್ಲೀನಿಂಗ್ ಅಡಿಟಿವ್.

ಆ ಅಡಿಟಿವ್ ಬಗ್ಗೆಯೂ ಪೂರ್ತಿ ಮಾತು ಹೇಳಬೇಕು. ಇಂಜೆಕ್ಟರ್ ಮೂತಿಗೆ ಕಟ್ಟುವ ಕಿಟ್ಟವನ್ನು ಅದು ತೆಗೆಯುತ್ತದೆ, ಅಷ್ಟು ನಿಜ. ಆದರೆ ನಿಮ್ಮದರಂಥ ಟಿಎಸ್‌ಐ (ಫೋಕ್ಸ್‌ವ್ಯಾಗನ್ನಿನ ಟರ್ಬೊ ಪೆಟ್ರೋಲ್) ಇಂಜಿನ್‌ಗಳಲ್ಲಿ ದೊಡ್ಡ ತೊಂದರೆ ಕೊಡುವುದು ಇನ್‌ಟೇಕ್ ವಾಲ್ವ್ ಹಿಂಭಾಗದ ಕಾರ್ಬನ್. ಪೆಟ್ರೋಲ್ ಆ ವಾಲ್ವ್ ಮೇಲೆ ಹರಿಯುವುದೇ ಇಲ್ಲ, ನೇರ ಸಿಲಿಂಡರಿಗೆ ಹೋಗುತ್ತದೆ. ಎಂಥ ದುಬಾರಿ ಪೆಟ್ರೋಲ್ ಹಾಕಿದರೂ ಅಲ್ಲಿನ ಕಾರ್ಬನ್ ಕರಗುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟದ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಸುವುದೇ ಅದಕ್ಕಿರುವ ದಾರಿ. ಐಡ್ಲಿಂಗ್ ಒರಟಾಗಿ, ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಮಿಸ್‌ಫೈರ್ ಬರುವ ತನಕ ಅದರ ಗೊಡವೆ ಬೇಡ.

‘ನೂರು ಹಾಕಿದಾಗ ಮೈಲೇಜ್ ಜಾಸ್ತಿ ಬಂತು’ ಅನ್ನುವ ಗೆಳೆಯರ ಮಾತು ಸುಳ್ಳಲ್ಲ. ಕಾರಣ ಮಾತ್ರ ಬೇರೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು ಶಾಖ ಮಾತ್ರ ಇರುತ್ತದೆ. ನೂರು ಆಕ್ಟೇನಿನ ಎಕ್ಸ್‌ಪಿ100 ಎಥೆನಾಲ್ ಬೆರೆಸದ ಪೆಟ್ರೋಲ್. ಹಾಗಾಗಿ ಲೀಟರಿಗೆ ಸಿಗುವ ಶಾಖ ಇ20ಗಿಂತ ಆರೇಳು ಶೇಕಡಾ ಹೆಚ್ಚು. ನೀತಿ ಆಯೋಗದ 2021ರ ಎಥೆನಾಲ್ ವರದಿ ಕೂಡ, ಇ20ಗೆ ಮಾಡದ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ 6–7 ಶೇಕಡಾ, ಇ20ಗೆ ಹೊಂದಿಸಿದವುಗಳಲ್ಲಿ 1–2 ಶೇಕಡಾ ಇಳಿಯಬಹುದು ಅಂದಿತ್ತು. ಮಂಡ್ಯದ ಕಬ್ಬು ಬೆಳೆಗಾರರಿಗೆ ಎಥೆನಾಲ್‌ನಿಂದ ಅನುಕೂಲ ಆಗಲಿ, ಅದು ಆಗಬೇಕಾದ್ದೇ. ಆದರೆ ಮೈಲೇಜ್ ಇಳಿದದ್ದನ್ನು ಕಾರಿನ ಮಾಲೀಕರಿಂದ ಮುಚ್ಚಿಡುವ ಅಗತ್ಯ ಇಲ್ಲ.

ಈಗ ಲೆಕ್ಕ ಹಾಕಿ. ಬೆಲೆ ಏರಿಳಿಯುತ್ತಿರುತ್ತದೆ, ಲೆಕ್ಕಕ್ಕೆ ಮಾಮೂಲಿ 103 ರೂಪಾಯಿ, ನೂರರದ್ದು 160 ಅಂತ ಇಟ್ಟುಕೊಳ್ಳಿ. ಊರೊಳಗೆ ಲೀಟರಿಗೆ 12 ಕಿ.ಮೀ. ಬರುತ್ತಿದ್ದರೆ, ಕಿಲೋಮೀಟರಿನ ಖರ್ಚು ಸಮ ಆಗಬೇಕಾದರೆ ನೂರು ಆಕ್ಟೇನಿನಲ್ಲಿ 18.6 ಕಿ.ಮೀ. ಬರಬೇಕು. ಎಥೆನಾಲ್ ಇಲ್ಲದ್ದರ ಪೂರ್ತಿ ಲಾಭ ಸಿಕ್ಕಿದರೂ ಬರುವುದು 12.8. ಮಾಮೂಲಿಗಿಂತ ಏಳೆಂಟು ರೂಪಾಯಿ ಹೆಚ್ಚಿರುವ 95ರ ಬ್ರ್ಯಾಂಡಿಗೂ ಇದೇ ಲೆಕ್ಕ: ಎಎಎ ಪರೀಕ್ಷೆಯ 2.7 ಶೇಕಡಾ ಪೂರ್ತಿ ಸಿಕ್ಕಿತು ಅಂದುಕೊಂಡರೂ ಮೂರು ರೂಪಾಯಿ ವ್ಯತ್ಯಾಸದ ತನಕ ಮಾತ್ರ ಗಿಟ್ಟುತ್ತದೆ.

ಮೈಸೂರಿನ ಎತ್ತರದ ಬಗ್ಗೆ ಒಂದು ಮಾತು. ನಾವು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದ್ದೇವೆ, ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಎಂಟು ಶೇಕಡಾದಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಅಷ್ಟೇ ಕಡಿಮೆ ಗಾಳಿ ಎಳೆದುಕೊಳ್ಳುತ್ತದೆ, ಸಿಲಿಂಡರಿನ ಒತ್ತಡವೂ ಇಳಿಯುತ್ತದೆ, ಆದ್ದರಿಂದ ಅದಕ್ಕೆ ಬೇಕಾಗುವ ಆಕ್ಟೇನೂ ಕಡಿಮೆ. ಸ್ವಿಫ್ಟ್, ಹೋಂಡಾ ಸಿಟಿಯಂಥ ಕಾರು ಇಟ್ಟುಕೊಂಡವರು ಮೈಸೂರಿನಲ್ಲಿ ಪ್ರೀಮಿಯಂ ಹಾಕಿಸುವುದು ಶುದ್ಧ ದಂಡ. ನಿಮ್ಮ ಟರ್ಬೊ ಮಾತ್ರ ಜೋರಾಗಿ ತಿರುಗಿ ಆ ಕೊರತೆ ತುಂಬಿಕೊಳ್ಳುತ್ತದೆ, ಹಾಗಾಗಿ ಈ ವಿನಾಯಿತಿ ನಿಮಗೆ ಅಷ್ಟಾಗಿ ಸಿಗುವುದಿಲ್ಲ.

ನಾವು ಹೇಳಿದ್ದನ್ನು ನಂಬಲೇಬೇಕೆಂದಿಲ್ಲ, ನಿಮ್ಮ ಕಾರನ್ನೇ ಕೇಳಬಹುದು. ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ರೀಡರ್ ಬೇಕು. ಅಗ್ಗದ ರೀಡರಿನಲ್ಲಿ ‘ಟೈಮಿಂಗ್ ಅಡ್ವಾನ್ಸ್’ ಮಾತ್ರ ಕಾಣುತ್ತದೆ. ಯಾವ ಸಿಲಿಂಡರಿನಲ್ಲಿ ಕಿಡಿ ಎಷ್ಟು ಡಿಗ್ರಿ ಹಿಂದೆ ಸರಿದಿದೆ ಅಂತ ನೋಡಲು ಒಬಿಡಿಇಲೆವೆನ್ ಅಥವಾ ವಿಸಿಡಿಎಸ್‌ನಂಥ ಫೋಕ್ಸ್‌ವ್ಯಾಗನ್‌ಗೆಂದೇ ಮಾಡಿದ ಉಪಕರಣ ಬೇಕು. ನಾಲ್ಕು ಸಿಲಿಂಡರುಗಳ ರಿಟಾರ್ಡ್ (ಕಿಡಿ ಹಿಂದೆ ಸರಿದ ಡಿಗ್ರಿ), ಇನ್‌ಟೇಕ್ ಗಾಳಿಯ ಉಷ್ಣತೆ, ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ), ಆರ್‌ಪಿಎಂ ಇಷ್ಟನ್ನು ಲಾಗ್ ಮಾಡಲು ಇಡಿ. ಪಕ್ಕದಲ್ಲಿ ಒಬ್ಬರು ಕೂತು ಫೋನ್ ನೋಡಿಕೊಳ್ಳಲಿ, ಓಡಿಸುವವರು ರಸ್ತೆ ನೋಡಲಿ.

ಮೊದಲು ಮಾಮೂಲಿ ಇ20ಯಲ್ಲಿ ಅಳೆಯಿರಿ. ಭಾನುವಾರ ಬೆಳಿಗ್ಗೆ ಆರಕ್ಕೆ, ರಿಂಗ್ ರಸ್ತೆಯ ನೇರವಾದ, ಖಾಲಿ ಇರುವ ಒಂದು ತುಂಡು ಸಾಕು. ಇಂಜಿನ್ ಪೂರ್ತಿ ಬಿಸಿಯಾಗಿರಲಿ. ಗೇರನ್ನು ಮ್ಯಾನುಯಲ್‌ಗೆ ತಂದು ಮೂರನೇ ಗೇರಿನಲ್ಲಿ 1,800ರಿಂದ 3,500 ಆರ್‌ಪಿಎಂ ತನಕ ಪೆಡಲ್ ಒತ್ತಿ ಹಿಡಿಯಿರಿ. ಪೆಡಲ್ ಕೊನೆಯಲ್ಲಿ ಟಕ್ ಅನ್ನುವ ತಡೆಯೊಂದು ಸಿಗುತ್ತದೆ, ಅದನ್ನು ದಾಟಿದರೆ ಡಿಎಸ್‌ಜಿ ತಾನೇ ಗೇರ್ ಇಳಿಸಿ ಅಳತೆ ಕೆಡಿಸುತ್ತದೆ; ಅದಕ್ಕಿಂತ ಕೂದಲೆಳೆಯಷ್ಟು ಮೊದಲು ನಿಲ್ಲಿಸಿ. ಟರ್ಬೊ ಇಂಜಿನ್‌ನಲ್ಲಿ ನಾಕಿಂಗ್ ಹೆಚ್ಚಾಗಿ ಕಾಣುವುದೇ ಈ ಮಧ್ಯದ ಆರ್‌ಪಿಎಂನಲ್ಲಿ. ಹಾಗಾಗಿ ವೇಗಮಿತಿ ಮುರಿಯುವ ಅಗತ್ಯ ಇಲ್ಲ. ಹೋಗುವಾಗ ಎರಡು, ಬರುವಾಗ ಎರಡು ಸಲ ಅಳೆದರೆ ಗಾಳಿ, ಇಳಿಜಾರಿನ ಪ್ರಭಾವ ಸಮ ಆಗುತ್ತದೆ.

ಆಮೇಲೆ ಟ್ಯಾಂಕ್ ರಿಸರ್ವಿಗೆ ಬರುವ ತನಕ ಓಡಿಸಿ. ನಿಮ್ಮದು 45 ಲೀಟರಿನ ಟ್ಯಾಂಕ್. ಒಳಗೆ 7 ಲೀಟರ್ 95 ಉಳಿದಿದ್ದು ಮೇಲೆ 38 ಲೀಟರ್ 100 ತುಂಬಿದರೆ ಒಟ್ಟು ಮಿಶ್ರಣ ಸುಮಾರು 99. ಅರ್ಧ ಟ್ಯಾಂಕಿಗೆ ಐದು ಲೀಟರ್ ಹಾಕಿಸಿ ‘ಏನೂ ವ್ಯತ್ಯಾಸ ಕಾಣಲಿಲ್ಲ’ ಅನ್ನುವುದಕ್ಕೂ, ‘ತಕ್ಷಣ ಹಾರಿತು’ ಅನ್ನುವುದಕ್ಕೂ ಬೆಲೆ ಇಲ್ಲ. ಇಸಿಯು ಕಲಿತದ್ದನ್ನು ತಿದ್ದಿಕೊಳ್ಳಲು 80–100 ಕಿ.ಮೀ. ಬಿಡಿ, ಅದಕ್ಕಾಗಿ ಬ್ಯಾಟರಿ ಕಳಚಬೇಡಿ. ಅದೇ ರಸ್ತೆ, ಅದೇ ಹೊತ್ತು, ಗಾಳಿಯ ಉಷ್ಣತೆ ಮೊದಲಿನದಕ್ಕೆ ಐದು ಡಿಗ್ರಿಯೊಳಗೆ ಇರಲಿ.

ಅಂಕಿ ಓದುವುದು ಹೀಗೆ. ಇ20ಯಲ್ಲೇ ರಿಟಾರ್ಡ್ ಸೊನ್ನೆಯಿಂದ ಮೂರು ಡಿಗ್ರಿಯೊಳಗೆ ಆಗಾಗ ಬಂದು ಹೋಗುತ್ತಿದ್ದರೆ ಇಂಜಿನ್ ಆರಾಮಾಗಿದೆ, ಇನ್ನು ಪರೀಕ್ಷೆ ಮುಂದುವರಿಸಿ ಸುಮಾರು ಎರಡು ಸಾವಿರ ಹೆಚ್ಚು ಖರ್ಚು ಮಾಡುವ ಅಗತ್ಯವೇ ಇಲ್ಲ. ನಾಲ್ಕೂ ಸಿಲಿಂಡರುಗಳಲ್ಲಿ ಐದಾರು ಡಿಗ್ರಿ ಹಿಡಿದು ನಿಂತು, ನೂರರಲ್ಲಿ ಅದು ಇಳಿದರೆ ನಿಮ್ಮ ಕಾರಿಗೆ ಆಕ್ಟೇನ್ ಸಾಲುತ್ತಿಲ್ಲ, ಅಥವಾ ಬಂಕಿನ ಪೆಟ್ರೋಲ್ ಸರಿಯಿಲ್ಲ. ಮೊದಲು ಬಂಕ್ ಬದಲಾಯಿಸಿ ನೋಡಿ. ಒಂದೇ ಸಿಲಿಂಡರ್ ಮಾತ್ರ ಹಿಂದೆ ಬೀಳುತ್ತಿದ್ದರೆ ಪೆಟ್ರೋಲಿನ ಮೇಲೆ ತಪ್ಪು ಹೊರಿಸಬೇಡಿ: ಆ ಸಿಲಿಂಡರಿನ ಪ್ಲಗ್, ಇಂಜೆಕ್ಟರ್, ಕಾರ್ಬನ್, ಈ ಕ್ರಮದಲ್ಲಿ ನೋಡಿಸಿ.

ಮೈಲೇಜನ್ನು ಡ್ಯಾಶ್‌ಬೋರ್ಡ್ ನೋಡಿ ಹೇಳಬೇಡಿ. ಅದೇ ಬಂಕ್, ಅದೇ ನಳಿಕೆ, ಮೊದಲ ಆಟೋ-ಕಟ್‌ಗೆ ನಿಲ್ಲಿಸಿ, ಮತ್ತೆ ಅಲ್ಲೇ ತುಂಬಿಸಿ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ. ಕಟ್ ಆದ ಮೇಲೂ ‘ರೌಂಡ್ ಫಿಗರ್ ಮಾಡ್ತೀನಿ ಸರ್’ ಅಂತ ಒತ್ತಿ ಒತ್ತಿ ತುಂಬಿಸಲು ಬಿಡಬೇಡಿ. ಹೆಚ್ಚಾದ ಪೆಟ್ರೋಲ್ ಆವಿ ಹೀರುವ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಹಾಳು ಮಾಡುತ್ತದೆ.

ಡಿಎಸ್‌ಜಿ ಇಟ್ಟುಕೊಂಡವರು ಇನ್ನೊಂದು ಬಡಿತದ ಬಗ್ಗೆ ತಿಳಿದಿರಬೇಕು. ಗೇರ್‌ಬಾಕ್ಸ್ ಮೈಲೇಜಿಗಾಗಿ ಬೇಗ ಮೇಲಿನ ಗೇರಿಗೆ ಹೋಗುತ್ತದೆ. 1,300 ಆರ್‌ಪಿಎಂನಲ್ಲಿ ಐದನೇ ಗೇರಿನಲ್ಲಿದ್ದಾಗ, ಅದರಲ್ಲೂ ಮ್ಯಾನುಯಲ್‌ನಲ್ಲಿಟ್ಟು, ಚಾಮುಂಡಿ ಬೆಟ್ಟದ ಏರಿನಲ್ಲಿ ಕಾಲು ಒತ್ತಿದರೆ, ಕಿಡಿ ಬರುವುದಕ್ಕೂ ಮೊದಲೇ ಎಣ್ಣೆಯ ಹನಿಯೋ ಕಾರ್ಬನ್ ಚೂರೋ ಮಿಶ್ರಣವನ್ನು ಹೊತ್ತಿಸಬಹುದು. ಸಣ್ಣ ಟರ್ಬೊ ಇಂಜಿನ್‌ಗಳ ಪಿಸ್ಟನ್ ಮುರಿಯುವುದು ಹೆಚ್ಚಾಗಿ ಹೀಗೆ. ಕಿಡಿಯೇ ಕಾರಣವಲ್ಲದ್ದರಿಂದ ಇಸಿಯು ಕಿಡಿ ತಡ ಮಾಡಿ ತಪ್ಪಿಸಲಾಗುವುದಿಲ್ಲ, ಹೆಚ್ಚು ಆಕ್ಟೇನಿನಿಂದಲೂ ಪೂರ್ತಿ ತಪ್ಪುವುದಿಲ್ಲ. ಕಂಪನಿ ಹೇಳಿದ ದರ್ಜೆಯ ಇಂಜಿನ್ ಆಯಿಲನ್ನೇ ಹೊತ್ತಿಗೆ ಸರಿಯಾಗಿ ಬದಲಿಸುವುದು, ಏರಿನಲ್ಲಿ ಒಂದು ಗೇರ್ ಇಳಿಸಿಕೊಂಡು ಹೋಗುವುದು, ಇವೆರಡೇ ಮದ್ದು.

ರೀಮ್ಯಾಪ್ ವಿಷಯಕ್ಕೆ ಬಂದರೆ, ನೂರು ಆಕ್ಟೇನ್ ನಿಜವಾಗಿ ದುಡಿಯುವುದು ಅಲ್ಲೇ. ಟ್ಯೂನರ್ ಬೂಸ್ಟ್ ಏರಿಸಿ, ಕಿಡಿಯನ್ನು ಮುಂದೆ ತಂದು, ಮೇಲಿನ ಮಿತಿಯನ್ನೇ ಬದಲಾಯಿಸುತ್ತಾರೆ. ಆದ್ದರಿಂದ ಯಾವ ಆಕ್ಟೇನಿಗೆ ಮ್ಯಾಪ್ ಬರೆದಿದ್ದಾರೆ ಅಂತ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಎಥೆನಾಲ್ ಇಲ್ಲದ ನೂರಕ್ಕೆ ಬರೆದ ಮ್ಯಾಪ್ ಇಟ್ಟುಕೊಂಡು ಗುಂಡ್ಲುಪೇಟೆಯಾಚೆಗೆ ಹೋದಿರಿ, ಸಿಕ್ಕಿದ್ದನ್ನು ಹಾಕಿಸಿ ಘಾಟ್ ಹತ್ತಿದಿರಿ ಅಂದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುವ ಅಪಾಯ ಇದೆ. ಮನೆ ಹತ್ತಿರದ ಬಂಕಿನಲ್ಲಿ ವರ್ಷವಿಡೀ ನೂರು ಸಿಗುವುದಿಲ್ಲ ಅಂದರೆ 95ಕ್ಕೆ ಬರೆದ ಮ್ಯಾಪನ್ನೇ ಕೇಳಿ.

ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಗೇರ್‌ಬಾಕ್ಸ್. ಅದು ಡಿಕ್ಯು200, ಏಳು ಗೇರಿನ ಒಣ ಕ್ಲಚ್ಚಿನದು, ಅದು ತಡೆಯುವ ಟಾರ್ಕಿನ ಮಿತಿಯೇ 250 ಎನ್‌ಎಂ. ನಿಮ್ಮ ಇಂಜಿನ್ ಕಂಪನಿಯಿಂದ ಬರುವಾಗಲೇ 250 ಎನ್‌ಎಂ ಕೊಡುತ್ತಿದೆ. ಅಂದರೆ ಏರಿಸುವ ಪ್ರತಿ ಎನ್‌ಎಂ ಕ್ಲಚ್ ಮೇಲಿನ ಹೆಚ್ಚುವರಿ ಭಾರ. ವಾರಂಟಿಯೂ ಹೋಗುತ್ತದೆ. ಮ್ಯಾನುಯಲ್ ಕಾರಾಗಿದ್ದರೆ ಯೋಚಿಸಬಹುದಿತ್ತು. ಈ ಗೇರ್‌ಬಾಕ್ಸಿನ ಮೇಲೆ ಬೇಡ ಅಂತಲೇ ನಮ್ಮ ಸಲಹೆ.

ಅಣ್ಣನ ಪೋಲೊಗೆ ಬರೋಣ. 2015ರ ಕಾರು ಇ20ಗೆಂದು ಮಾಡಿದ್ದಲ್ಲ. ಜೊತೆಗೆ ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಜೊತೆ ತಿಂಗಳುಗಟ್ಟಲೆ ನಿಂತರೆ ನೀರು ಬೆರೆತ ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯಬಹುದು. ಪೆಟ್ರೋಲ್ ಪಂಪ್ ಎಳೆಯುವುದು ತಳದಿಂದಲೇ. ಹಾಗಾಗಿ ಕಾರು ಎರಡು-ಮೂರು ತಿಂಗಳು ನಿಲ್ಲುವುದಿದ್ದರೆ ಇರುವ ಪೆಟ್ರೋಲನ್ನು ಓಡಿಸಿ ಮುಗಿಸಿ, ಎಥೆನಾಲ್ ಇಲ್ಲದ ನೂರನ್ನು ತುಂಬಿಸಿ, ಹತ್ತು ಕಿ.ಮೀ. ಓಡಿಸಿ, ಆಮೇಲೆ ನಿಲ್ಲಿಸಿ. ಹಾಕಿಸುವ ಮೊದಲು ‘ಇದರಲ್ಲಿ ಎಥೆನಾಲ್ ಎಷ್ಟು?’ ಅಂತ ಮ್ಯಾನೇಜರನ್ನೇ ಕೇಳಿ. ನೂರು ಆಕ್ಟೇನ್ ನಿಧಾನ ಖರ್ಚಾಗುವ ಮಾಲು, ಆದ್ದರಿಂದ ಕೊನೆಯ ಲೋಡ್ ಯಾವಾಗ ಬಂತು ಅಂತಲೂ ಕೇಳಿ. ಮುಂದಿನ ಸರ್ವಿಸಿನಲ್ಲಿ ಪೆಟ್ರೋಲ್ ಹೋಸ್‌ಗಳ ಜೋಡಣೆ ಮುಟ್ಟಿ ನೋಡಲು ಹೇಳಿ: ರಬ್ಬರ್ ಉಬ್ಬಿದ್ದರೆ, ಮೆತ್ತಗಾಗಿದ್ದರೆ, ಬಿರುಕಿದ್ದರೆ ಆಗಲೇ ಬದಲಿಸಲಿ.

ಆಕ್ಟೇನ್ ಬೂಸ್ಟರ್ ಬಾಟಲಿಗಳನ್ನು ಎರಡೂ ಕಾರಿಗೆ ಹಾಕಬೇಡಿ. ಅವುಗಳ ಮೇಲೆ ಬರೆದಿರುವ ‘ಪಾಯಿಂಟ್’ಗಳಲ್ಲಿ ಹತ್ತು ಸೇರಿದರೆ ಒಂದು ಆಕ್ಟೇನ್. ಕಬ್ಬಿಣ, ಮ್ಯಾಂಗನೀಸ್ ಇರುವ ಬೂಸ್ಟರುಗಳು ಪ್ಲಗ್ ಮೂತಿಗೆ ಕೆಂಪು ಬಣ್ಣದ ಪದರ ಕಟ್ಟಿ ಮಿಸ್‌ಫೈರ್ ತರುತ್ತವೆ.

ಬಂಕಿನ ಮೇಲೆ ಅನುಮಾನ ಇದ್ದರೆ ಫಿಲ್ಟರ್ ಪೇಪರ್ ಕೇಳುವುದು ಗ್ರಾಹಕರ ಹಕ್ಕು. ನಳಿಕೆಯ ಮೂತಿ ಒರೆಸಿ ಒಂದು ಹನಿ ಬಿಡಿಸಿ. ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ಸಾಂದ್ರತೆಯ ಪಟ್ಟಿಯನ್ನೂ ತೋರಿಸಲು ಹೇಳಿ: 15 ಡಿಗ್ರಿಗೆ ಲೆಕ್ಕ ಹಾಕಿದ ಅಂಕಿ, ಲೋಡ್ ಬಂದಾಗ ಬರೆದದ್ದಕ್ಕಿಂತ ಘನಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪ್ರತಿ ಸಲವೂ ಹೀಗೆ ಕೇಳಬೇಕಿಲ್ಲ. ದಿನವಿಡೀ ಕಾರುಗಳು ಸಾಲು ನಿಲ್ಲುವ, ಮಾಲು ಬೇಗ ಖರ್ಚಾಗುವ ಒಂದು ಬಂಕ್ ಹುಡುಕಿ ಅಲ್ಲೇ ಹಾಕಿಸಿ.

ಟ್ಯಾಂಕಿಗೆ ಉಳಿಯುವ ಆ ಎರಡು ಸಾವಿರದಲ್ಲಿ ಕಾರಿಗೆ ಏನಾದರೂ ಮಾಡಬೇಕೆನ್ನಿಸಿದರೆ, ಸರ್ವಿಸ್ ಪುಸ್ತಕದ ಗಡುವು ಹತ್ತಿರ ಬಂದಿದ್ದರೆ ಪ್ಲಗ್ ಬದಲಿಸಿ. ಸವೆದ ಪ್ಲಗ್ಗಿನ ಗ್ಯಾಪ್ ಅಗಲವಾಗಿ, ಬೂಸ್ಟ್ ಏರಿದಾಗ ಕಿಡಿ ಹಾರುವುದೇ ಕಷ್ಟವಾಗುತ್ತದೆ. ಪಿಕಪ್ ಕುಂದಿತು ಅಂತ ಬರುವ ಟರ್ಬೊ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಅದೇ. ಏರ್ ಫಿಲ್ಟರ್ ಧೂಳು ಹಿಡಿದಿದ್ದರೆ ಅದನ್ನೂ ಬದಲಿಸಿ. ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಕಾರು ಓಡಿಸುವ ಮೊದಲು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಅಥವಾ ಪೆಟ್ರೋಲ್ ಮುಚ್ಚಳದ ಒಳಗಿನ ಪಟ್ಟಿ ನೋಡಿ ತುಂಬಿಸಿ.